ಖೋಖೋ ಅಂಗಳದಲ್ಲಿ ಒಂದು ಹಿಡಿ ಭಂಡಾರ

ಪ್ರಾಜಕ್ತಾ, ಸಾರ್ಥಕ, ನಿಮ್ಮಿಬ್ಬರಿಗೂ ಒಂದು ಮಾತು ಹೇಳಬೇಕಾಗಿದೆ. ಬಾಯಿಂದ ಹೇಳಲಾರದ್ದಕ್ಕೆ ಕಾಗದ ಹಿಡಿದು ಕುಳಿತಿದ್ದೇನೆ. ನಾಚಿಕೆಯ ಹೆಂಗಸು ಎಂದರೆ ಗುಣವಂತೆ ಎಂದು ನಮ್ಮ ಕಡೆಯ ಜನ ತಿಳಿಯುತ್ತಾರೆ. ನಾನೂ ಇಷ್ಟು ವರ್ಷ ಹಾಗೇ ತಿಳಿದಿದ್ದೆ. ಅದು ಸುಳ್ಳು. ಬಾಯಿದ್ದವರು ತಪ್ಪು ಮಾಡಿದರೆ ತಾವೇ ಸಿಕ್ಕಿಬೀಳುತ್ತಾರೆ. ನಾಚುವವರು ತಪ್ಪು ಮಾಡಿದರೆ ಪಕ್ಕದಲ್ಲಿ ನಿಂತವರು ಸಿಕ್ಕಿಬೀಳುತ್ತಾರೆ. ನನ್ನ ಪಕ್ಕದಲ್ಲಿ ನಿಂತಿದ್ದವನು ನನ್ನ ಅಣ್ಣ, ನಿಮ್ಮ ಮಾಳಪ್ಪ ಮುತ್ಯಾ.

ನನ್ನ ನಾಚಿಕೆ ಎಂಥದು ಎಂದರೆ, ಮದುವೆಯಾಗಿ ಗಂಡನ ಮನೆಯ ಹೊಸ್ತಿಲಿಗೆ ಬಂದಾಗ ಹೆಣ್ಣುಮಕ್ಕಳು ಬಾಗಿಲಿಗೆ ಅಡ್ಡ ನಿಂತು, 'ಗಂಡನ ಹೆಸರು ಹೇಳು, ಆಮ್ಯಾಲ ಒಳಗ ಬಾ' ಅಂದರು. ಗಂಡನ ಹೆಸರು ಸೇರಿಸಿ ಕಟ್ಟಿದ ಒಡಪು ಬಾಯಿಪಾಠ ಇತ್ತು. ದಾರಿಯುದ್ದಕ್ಕೂ ಗಾಡಿಯಲ್ಲಿ ಮನಸ್ಸಿನೊಳಗೇ ಹೇಳಿಕೊಂಡು ಬಂದಿದ್ದೆ. ಆದರೆ ಹೊಸ್ತಿಲ ಮುಂದೆ ತುಟಿಗೆ ಗೋಂದು ಹಚ್ಚಿದ ಹಾಗಾಯಿತು. ನೆಲ ನೋಡುತ್ತ ಎಷ್ಟು ಹೊತ್ತು ನಿಂತೆನೆಂದರೆ, ಬಾಜಾದವರು ಉಂಡು, ಎಲೆ ಅಡಿಕೆ ಹಾಕಿಕೊಂಡು, ತಮ್ಮ ಊರ ದಾರಿ ಹಿಡಿದರು. ಕೊನೆಗೆ ನಿಮ್ಮ ಅಜ್ಜ ನನ್ನ ಕಿವಿಯ ಹತ್ತಿರ ಬಾಗಿ, 'ನನ್ನ ಹೆಸರು ರೇವಣಸಿದ್ಧ' ಎಂದು ಮೆಲ್ಲಗೆ ಹೇಳಿದರು. ಪಾಪ, ನಾನು ಮರೆತಿದ್ದೇನೆ ಅಂದುಕೊಂಡಿದ್ದರು. ಅವರು ಹೋಗಿ ಎಂಟು ವರ್ಷವಾಯಿತು. ಈಗಲೂ ಯಾರಾದರೂ ನನಗೆ ಪ್ರಶ್ನೆ ಕೇಳಿದರೆ, ಉತ್ತರವನ್ನು ಕಿವಿಯಲ್ಲಿ ಹೇಳಲು ಯಾರಾದರೂ ಬರುತ್ತಾರೇನೋ ಎಂದು ಕಾಯುತ್ತೇನೆ.

ಇಂಥವಳನ್ನು ನಿಮ್ಮ ಅಪ್ಪ ಪಾಲಕಳನ್ನಾಗಿ ಮಾಡಿದ. ಪ್ರಾಜಕ್ತಾ ಸೊಲ್ಲಾಪುರದ ಕಾಲೇಜಿಗೆ ಸೇರಿದಾಗ, ಸಾರ್ಥಕನ ಶಾಲೆ ಅಕ್ಕಲಕೋಟದಲ್ಲಿ ಇರುವುದರಿಂದ ಅಪ್ಪ ಅವ್ವ ಅಲ್ಲೇ ಉಳಿದರು. ರೊಟ್ಟಿ ಬಡಿಯಲು ನಾನು ಪ್ರಾಜಕ್ತಾಳ ಜೊತೆ ಎರಡು ಖೋಲಿಯ ಬಾಡಿಗೆ ಮನೆಗೆ ಬಂದೆ. ಒಂದು ದಿನ ಬೆಳಿಗ್ಗೆ ಪ್ರಾಜಕ್ತಾ, ನೀನು ಒಂದು ಕಾಲಿಗೆ ಬೂಟು ಹಾಕಿಕೊಂಡು, ಇನ್ನೊಂದನ್ನು ಹುಡುಕುತ್ತ, ಒಂದು ಕಾಗದ ತಂದು ನನ್ನ ಮುಂದೆ ಹಿಡಿದೆ.

'ಆಯಿ, ಇಲ್ಲಿ ಸಹಿ ಮಾಡು ಲೌಕರ, ತಡ ಆಗೇದ. ಖೋಖೋ ಟೀಮಿನಾಗ ನನ್ನ ಹೆಸರು ಬಂದದ.'

'ಏನು ಬರ್ದಾರವಾ ಇದರಾಗ?'

'ಆಡೋ ಹುಡುಗ್ಯಾರ ನಿಯಮ. ಎಲ್ಲಾರೂ ಮಾಡ್ತಾರ, ನೀನೂ ಮಾಡು.'

ಸಹಿ ಮಾಡಿದೆ. ಇನ್ನೊಂದು ಪ್ರತಿ ಮನೆಯಲ್ಲೇ ಇಟ್ಟುಕೊಳ್ಳಬೇಕು ಎಂದು ಕೊಟ್ಟು ನೀನು ಓಡಿದೆ. ನಾನು ಮಧ್ಯಾಹ್ನ ಅದನ್ನು ಓದಲು ಕುಳಿತೆ. ನನ್ನ ತವರು ತಡವಳದ ಕನ್ನಡ ಶಾಲೆಯಲ್ಲಿ ಏಳನೆಯ ಇಯತ್ತೆಯವರೆಗೆ ಓದಿದವಳು ನಾನು. ಮರಾಠಿ ಮಾತಾಡಲು ಅಡ್ಡಿಯಿಲ್ಲ, ಓದುವಾಗ ಮಾತ್ರ ಕಲ್ಲು ಆರಿಸದ ಅನ್ನ ಉಂಡ ಹಾಗೆ, ಒಂದೊಂದೇ ಅಗುಳು ನೋಡಿ ಅಗಿಯಬೇಕು. ಆದರೆ ಓದಿದ ಹಾಗೆಲ್ಲ ಆ ಕಾಗದದ ಮೇಲೆ ನನಗೆ ಪ್ರೀತಿ ಬಂತು. ಉಗುರು ಬೆಳೆಸಬಾರದು. ಕೂದಲು ಬಿಟ್ಟುಕೊಂಡು ಅಂಗಳಕ್ಕೆ ಇಳಿಯಬಾರದು. ಪಂಚರ, ಎಂದರೆ ಅಂಪೈರರ, ಜೊತೆ ವಾದ ಮಾಡಬಾರದು. ಸೋತಾಗ ಸಾಮಾನು ಒಗೆಯಬಾರದು, ಗೆದ್ದಾಗ ಎದುರಿನವರನ್ನು ಹಂಗಿಸಬಾರದು. ಹೇಳದೆ ಕೇಳದೆ ತಂಡ ಬಿಟ್ಟು ಎಲ್ಲಿಗೂ ಹೋಗಬಾರದು. ಇವೆಲ್ಲ ನನ್ನ ಅತ್ತೆಯವರು ನನಗೆ ಹಾಕಿದ ನಿಯಮಗಳೇ. ಅವರು ಛಾಪಿಸಿ ಕೊಟ್ಟಿರಲಿಲ್ಲ, ಅಷ್ಟೇ. ನನ್ನ ಕಾಲದಲ್ಲಿ ಸೊಸೆಯಂದಿರ ತಂಡ ಅಂತ ಒಂದು ಇದ್ದಿದ್ದರೆ ನನಗೆ ಬಹುಮಾನ ಬರುತ್ತಿತ್ತು.

ಕೊನೆಯ ಪುಟದಲ್ಲಿ ಮನೆಯವರಿಗಾಗಿ ಒಂದು ನಿಯಮವಿತ್ತು. ಆಟದ ಅಂಗಳಕ್ಕೆ ಬಾಜಾ ತರಬಾರದು, ಪಟಾಕಿ ಹಚ್ಚಬಾರದು, ಗುಲಾಲ ಹಾರಿಸಬಾರದು. ಮನೆಯವರು ಇದನ್ನು ಮುರಿದರೆ, ಅವರು ಖುಲಾಸೆ, ಎಂದರೆ ಹೀಗೇಕಾಯಿತು ಎಂಬ ವಿವರಣೆ, ಬರೆದುಕೊಟ್ಟು ಅದು ಒಪ್ಪಿಗೆಯಾಗುವ ತನಕ ಆಟಗಾರರು ಹೊರಗೆ ಕೂಡಬೇಕು. ಇದನ್ನು ಓದಿದ ಕೂಡಲೇ ನನಗೆ ಅಣ್ಣನ ನೆನಪಾಯಿತು. ಯಾಕೆಂದರೆ ಅಣ್ಣನ ಡೊಳ್ಳು ಹುಲಜಂತಿಯ ಜಾತ್ರೆಯವರೆಗೂ ಹೆಸರಾದದ್ದು. ಮೊಮ್ಮಗಳು ಆಡುತ್ತಾಳೆ ಎಂದರೆ ತಡವಳದಿಂದ ಬಸ್ಸಿನಲ್ಲಿ ಡೊಳ್ಳನ್ನು ತೊಡೆಯ ಮೇಲೆ ಕೂಡಿಸಿಕೊಂಡು ಬರುವವನೇ. ಅವನು ಬಂದ ದಿನವೇ ಹೇಳಿದೆ.

'ಅಣ್ಣಾ, ಅಲ್ಲಿ ಡೊಳ್ಳು ತರೂ ಹಂಗಿಲ್ಲ.'

'ಯಾಕ? ಆಟದ ಜಾಗಾನೋ, ದವಾಖಾನಿನೋ?'

'ಬರ್ದಾರ ಕಾಗದದಾಗ. ಬಾಜಾ ಬ್ಯಾಡ, ಪಟಾಕಿ ಬ್ಯಾಡ, ಗುಲಾಲ ಬ್ಯಾಡ.'

'ಭಂಡಾರ? ನಮ್ಮ ದೇವರ ಅರಿಷಿಣ?'

'ಭಂಡಾರದ್ದೇನೂ ಬರ್ದಿಲ್ಲ.'

'ಮತ್ತ!' ಎಂದು ಅವನು ಮೀಸೆ ತಿರುವಿದ.

'ಬರ್ದಿಲ್ಲ ಅಂತ ಮಾಡೂದಲ್ಲ ಅಣ್ಣಾ,' ಎಂದು ನಾನು ಅವನಿಗೆ ಬುದ್ಧಿ ಹೇಳಿದೆ. 'ಆಟ ಅಂದಮ್ಯಾಲ ಶಿಸ್ತು ಬೇಕು. ಮನಸ್ಸು ಹತೋಟಿಯೊಳಗ ಇರಬೇಕು.' ಈ ಮಾತನ್ನು ನಾನೇ ಆಡಿದ್ದು. ಇಡೀ ವರ್ಷದಲ್ಲಿ ನಾಚದೆ ಆಡಿದ ಒಂದೇ ಒಂದು ಉಪದೇಶ.

'ಆತವಾ, ಓದಿದಾಕಿ ನೀ, ನೀ ಹೇಳಿದಂಗ,' ಅಂದ ಅಣ್ಣ. ಅವನು ಶಾಲೆಯ ಮೆಟ್ಟಿಲು ಹತ್ತಿದವನಲ್ಲ. ನಾನು ಓದಿದ್ದು ಜಾಣೆ ಎಂದಲ್ಲ. ನನಗೆ ಟಗರು ಕಂಡರೆ ಹೆದರಿಕೆ. ಕುರಿಗಳ ಹಿಂದೆ ಕಳಿಸಿದರೆ ಗಿಡ ಹತ್ತಿ ಕೂಡುತ್ತಿದ್ದೆ. ಇದು ಕೆಲಸಕ್ಕೆ ಬಾರದ್ದು ಎಂದು ಅಪ್ಪ ನನ್ನನ್ನು ಶಾಲೆಗೆ ಹಾಕಿದ. ಕುರಿ ಕಾಯುವ ಪಾಳಿ ಅಣ್ಣನಿಗೆ ಬಂತು. ಟಗರಿನ ಪುಣ್ಯದಿಂದ ಅಕ್ಷರ ಕಲಿತವಳು ನಾನೊಬ್ಬಳೇ ಇರಬೇಕು.

ಮೊದಲ ಪಂದ್ಯದ ದಿನ ಅಣ್ಣ ಬರಿಗೈಯಲ್ಲಿ ಬಂದ. ಕಾಲೇಜಿನ ಅಂಗಳಕ್ಕೆ ನೀರು ಹೊಡೆದು, ಸುಣ್ಣದ ಗೆರೆ ಎಳೆದಿದ್ದರು. ಪಾಲಕರಿಗೆ ಮಾಂಡವದ ನೆರಳಿನಲ್ಲಿ ಖುರ್ಚಿ ಹಾಕಿದ್ದರು. ಡೊಳ್ಳಿಲ್ಲದ ಅಣ್ಣನ ಕೈಗಳಿಗೆ ಏನು ಮಾಡಬೇಕೋ ತಿಳಿಯಲಿಲ್ಲ. ಒಮ್ಮೆ ತೊಡೆಯ ಮೇಲೆ, ಒಮ್ಮೆ ಖುರ್ಚಿಯ ಹಿಡಿಕೆಯ ಮೇಲೆ ಅಲೆದಾಡಿದವು. ಖುರ್ಚಿಯ ಪಕ್ಕದಲ್ಲಿ ಕುಡಿದು ಖಾಲಿ ಮಾಡಿದ ನೀರಿನ ದೊಡ್ಡ ಜಾರ್ ಇತ್ತು, ಆ ನೀಲಿ ಬಣ್ಣದ್ದು. ಅದನ್ನು ಬೋರಲು ಹಾಕಿ ಕಾಲ ನಡುವೆ ಇಟ್ಟುಕೊಂಡ.

'ಅಣ್ಣಾ...' ಅಂದೆ.

'ಇದು ಬಾಜಾ ಅಲ್ಲವಾ. ನೀರಿಂದು,' ಅಂದ.

ಆ ಹೊತ್ತಿಗೆ ನಮ್ಮ ತಂಡದವರು ಓಡುವ ಪಾಳಿ. ಉಳಿದವರೆಲ್ಲ ಔಟಾಗಿ, ಪ್ರಾಜಕ್ತಾ, ನೀನೊಬ್ಬಳೇ ಉಳಿದಿದ್ದೆ. ಇನ್ನು ಅರ್ಧ ನಿಮಿಷ ಯಾರ ಕೈಗೂ ಸಿಗದಿದ್ದರೆ ಗೆಲುವು ನಮ್ಮದು ಎಂದು ಹಿಂದೆ ಕುಳಿತವರು ಹೇಳುತ್ತಿದ್ದರು. ಸಾಲಾಗಿ ಕುಳಿತ ಹುಡುಗಿಯರ ನಡುವೆ ನೀನು ತಾಯಿಯಿಂದ ತಪ್ಪಿಸಿಕೊಂಡ ಮರಿಯ ಹಾಗೆ ನುಸುಳುತ್ತಿದ್ದೆ ನೋಡು, ನಾನು ಖುರ್ಚಿಯ ತುದಿಗೆ ಸರಿದೆ. ಅಣ್ಣನ ಬೆರಳುಗಳು ಜಾರಿನ ಮೇಲೆ ನಿನ್ನ ಕಾಲುಗಳ ಹಿಂದೆಯೇ ಓಡಿದವು. ಮೊದಲು ಮೆತ್ತಗೆ, ಆಮೇಲೆ ಜೋರಾಗಿ, ಆಮೇಲೆ ಬೆರಳು ಹೋಗಿ ಅಂಗೈ ಬಂತು. ನೀನು ಕಂಬ ಸುತ್ತಿ ಆಚೆ ಬಂದೆ. ಅಣ್ಣ ಮರೆತು ಆ ಪೆಟ್ಟು ಹಾಕಿಬಿಟ್ಟ.

ಆ ಪೆಟ್ಟು ಎಂದರೆ ನಿಮಗೆ ಹೇಳಬೇಕು. ಬೀರೋಬಾನ ಗುಡಿಯ ಮುಂದೆ ಡೊಳ್ಳು ಏರುತ್ತ ಏರುತ್ತ ಹೋಗಿ ಒಂದು ಕಡೆ ಮುರಿಯುತ್ತದೆ. ಆ ಮುರಿತಕ್ಕೆ ನೆರೆದವರೆಲ್ಲರ ಕೈ ಟೊಂಕದ ಚೀಲಕ್ಕೆ ಹೋಗಿ, ಹಿಡಿ ತುಂಬ ಅರಿಷಿಣದ ಭಂಡಾರ ಮುಗಿಲಿಗೆ ಹಾರುತ್ತದೆ. ಹಾರಿಸು ಎಂದು ಯಾರೂ ಹೇಳುವುದಿಲ್ಲ. ನಿಲ್ಲಲು ಕಲಿತಾಗಿನಿಂದ ನನ್ನ ಕೈಗೆ ಅದು ಗೊತ್ತು. ನಿಮ್ಮ ಅಜ್ಜ ಹೋದಮೇಲೆ ಹಣೆಯ ಕುಂಕುಮ ಹೋಯಿತು, ಟೊಂಕದ ಭಂಡಾರದ ಚೀಲ ಹೋಗಲಿಲ್ಲ. ಅಣ್ಣನ ಪೆಟ್ಟು ಬಿದ್ದಿತು. ಶಿಸ್ತಿನ ಉಪದೇಶ ಮಾಡಿದವಳ ಕೈ, ಯಾರನ್ನೂ ಕೇಳದೆ, ಹಿಡಿ ಭಂಡಾರವನ್ನು ಸೊಲ್ಲಾಪುರದ ಬಿಸಿಲಿಗೆ ಹಾರಿಸಿತು.

ಹೌದು, ನಾನೇ. ಮಾಳಪ್ಪ ಮುತ್ಯಾ ಅಲ್ಲ. ನಾನು.

ಗುಡಿಯ ಮುಂದೆ ಹಾರಿಸಿದ್ದು ದೇವರ ಮೇಲೆ ಬೀಳುತ್ತದೆ. ಅಂಗಳದಲ್ಲಿ ಗಾಳಿ ಬೇರೆ ಇತ್ತು. ಬಿಳಿ ಬಟ್ಟೆ ಹಾಕಿದ್ದ ಪಂಚರು ಅರ್ಧ ಮಗ್ಗುಲು ಹಳದಿಯಾಗಿ, ಅರಿಷಿಣ ಹಚ್ಚುವಾಗ ನಡುವೆ ಎದ್ದು ಬಂದ ಮದುಮಗನ ಹಾಗೆ ಕಂಡರು. ಎದುರು ತಂಡದ ಇಬ್ಬರು ಕಣ್ಣುಜ್ಜುತ್ತ ಕುಳಿತರು. ನೀನು, ಇದೇನು ಎಂದು ಒಂದು ಗಳಿಗೆ ನಿಂತು ಮೇಲೆ ನೋಡಿದೆ. ಭಂಡಾರ ಕಣ್ಣಿಗೆ ಬೀಳದಿದ್ದ ಮೂರನೆಯವಳು ಬಂದು ನಿನ್ನ ಬೆನ್ನು ಮುಟ್ಟಿದಳು. ಆಟ ಹೋಯಿತು.

ಕ್ರೀಡೆಯ ಸರ್ ಸಿಟ್ಟಿನಿಂದ ಮಾಂಡವಕ್ಕೆ ಬಂದರು. 'ಕೋಣೀ ಟಾಕಲಂ ಹೇ?' ಯಾರು ಒಗೆದದ್ದು ಇದನ್ನು ಎಂದು ಕೇಳಿದರು. ನನ್ನ ತುಟಿಗೆ ಆ ಮದುವೆಯ ದಿನದ ಗೋಂದು ಮತ್ತೆ ಹತ್ತಿತು. ಚೀಲವನ್ನು ಸೆರಗಿನೊಳಗೆ ಸರಿಸಿದೆ. ಅಣ್ಣ ಒಮ್ಮೆ ನನ್ನ ಮುಖ ನೋಡಿದ. ಆಮೇಲೆ, ಮುದುಕಿಯನ್ನು ಎಬ್ಬಿಸುವವನ ಹಾಗೆ, ನನ್ನ ಬಲಗೈಯನ್ನು ತನ್ನ ಎರಡೂ ಕೈಯಲ್ಲಿ ಹಿಡಿದು ಎಬ್ಬಿಸಿದ. ಕೈ ಬಿಟ್ಟಾಗ ನನ್ನ ಅಂಗೈಯ ಹಳದಿ ಅರ್ಧ ಅವನ ಅಂಗೈಯಲ್ಲಿತ್ತು. ಆ ಕೈಯನ್ನೇ ಎತ್ತಿ ತೋರಿಸಿ, 'ನಾನೇ ರಿ ಸಾಹೇಬ್ರ, ತಪ್ಪಾತು,' ಅಂದ.

ಸರ್ ನನ್ನ ಕಡೆ ತಿರುಗಿದರು. ನಿಯಮಕ್ಕೆ ಸಹಿ ಮಾಡಿದವರು ನೀವು, ನಿಮ್ಮ ಅಣ್ಣನಿಗೆ ನೀವಾದರೂ ತಿಳಿಸಿ ಹೇಳಬಾರದೇ, ಆಜಿ, ಅಂದರು. ನಾನು ಹೌದೆಂದು ತಲೆಯಾಡಿಸಿದೆ. ಸುಮ್ಮನೆ ನಿಂತಿದ್ದರೆ ಅರ್ಧ ಪಾಪ. ಆ ತಲೆಯಾಡಿಸಿದ್ದು ಇದೆಯಲ್ಲ, ಅದು ಉಳಿದರ್ಧ.

ಸಂಜೆ ಮನೆಯಲ್ಲಿ ನೀನು ಗೋಡೆಗೆ ಮುಖ ಮಾಡಿ ಅತ್ತೆ. 'ಮುತ್ಯಾ ಹಿಂಗ್ಯಾಕ ಮಾಡ್ದ ಆಯಿ? ಈಗ ನನ್ನ ಹೊರಗ ಕೂಡಿಸ್ಯಾರ. ವಿದ್ಯಾಪೀಠದ ಟೀಮಿಗೆ ನನ್ನ ಯಾರು ತಗೋತಾರ?' ನಾನು ನಿನ್ನ ತಾಟಿಗೆ ಇನ್ನೊಂದು ಚಮಚ ತುಪ್ಪ ಹಾಕಿದೆ. ಮರುದಿನ ಎರಡು ಚಮಚ ಹಾಕಿದೆ. ನೀನು ಮುತ್ಯಾನ ಫೋನು ಎತ್ತುವುದನ್ನು ಬಿಟ್ಟೆ. ನಾನು ತುಪ್ಪ ಹಾಕುವುದನ್ನು ಬಿಡಲಿಲ್ಲ. ನೀನು ಆ ವಾರ ದಪ್ಪಗಾಗಿದ್ದು ನನ್ನ ಪಾಪದಿಂದ.

ಖುಲಾಸೆ ಬರೆದುಕೊಡಬೇಕಾಗಿತ್ತಲ್ಲ, ಅಣ್ಣ ಬಂದ. ಹೆಬ್ಬೆಟ್ಟಿನವನು ಬರೆಯುವುದು ಹೇಗೆ? ಬರೆಯುವವಳು ನಾನೇ. ಕಳ್ಳಿಯ ಕೈಗೆ ಪಂಚನಾಮೆ ಬರೆಯಲು ಕೊಟ್ಟ ಹಾಗಾಯಿತು.

'ಏನು ಬರೀಲಿ ಅಣ್ಣಾ?'

'ಯಾಕ ಹಿಂಗಾತು ಅಂತ ಕೇಳ್ಯಾರಲ್ಲ? ಹಂಗಾರ ಮೊದಲಿಂದ ಬರಿ.'

'ಮೊದಲಿಂದ ಅಂದ್ರ?'

'ಮೊದಲಿಂದ ಅಂದ್ರ ಮೊದಲಿಂದ. ನನಗ ಕಿವಿ ಬಂದಾಗಿಂದ,' ಎಂದು ಗೋಡೆಗೆ ಒರಗಿ, ಕಣ್ಣು ಮುಚ್ಚಿಕೊಂಡು ಶುರುಮಾಡಿದ.

'ನಾ ಮೊದಲು ಕೇಳಿದ್ದು ಅಪ್ಪ ಉಣ್ಣಿ ಹಿಂಜೂ ಬಿಲ್ಲಿನ ಸಪ್ಪಳರಿ. ಟಂಯ್, ಟಂಯ್. ಅದರ ಹಿಂದ ಅವ್ವನ ಬೀಸೂಕಲ್ಲು. ನಡುನಡುವ ಕುರಿ ಕೊಳ್ಳಾಗಿನ ಗಂಟಿ. ಮೂರೂ ಕೂಡಿ ಬಂದ್ರ ನಾ ಅಳೂದು ನಿಂದರತಿದ್ನಂತ. ಒಂದು ತಪ್ಪಿದ್ರ ಮತ್ತ ಅಳತಿದ್ನಂತ. ಅಪ್ಪ ಬಿಲ್ಲು ಇಟ್ಟು ಎದ್ದ್ರ ಅವ್ವ ಬೈತಿದ್ಲು, ಕೂಸು ಮಲಗೂತನ ಹಿಂಜು ಅಂತ. ನನ್ನ ಸಲುವಾಗಿ ಅಪ್ಪ ಹಿಂಜಿದ ಉಣ್ಣೀನೇ ಮತ್ತ ಹಿಂಜಿದಾನ್ರಿ. ಅಪ್ಪನ ಡೊಳ್ಳು ಗೂಟಕ್ಕಿತ್ತು. ಹುಡುಗರು ಮುಟ್ಟೂ ಹಂಗಿರಲಿಲ್ಲ. ಗಾಳಿ ಬಿಟ್ಟಾಗ ಅದು ತಾನೇ ಒಳಗೊಳಗ ಗುಂಯ್ ಅಂತಿತ್ತು. ನಾ ಅದರ ಬುಡಕ ಕಿವಿ ಹಚ್ಚಿ ಮಲಗತಿದ್ದೆ.'

ನಾನು ಬರೆಯುತ್ತ ಹೋದೆ. ನಮ್ಮದೇ ಮನೆಯ ಸಪ್ಪಳಗಳು. ಬಿಲ್ಲು ನನಗೂ ನೆನಪಿದೆ, ಆದರೆ ಅದನ್ನು ನಾನು ಕೆಲಸ ಎಂದು ಕೇಳಿದ್ದೆ, ಅವನು ಹಾಡು ಎಂದು ಕೇಳಿದ್ದ. ಅಣ್ಣ ಮುಂದುವರಿಸಿದ.

'ಡೊಳ್ಳು ಸಿಗಲಿಲ್ಲಂತ ನಾ ಎಣ್ಣಿ ಡಬ್ಬಿ ತಗೊಂಡೆ. ಈ ನನ್ನ ತಂಗಿ ಸಿದ್ದವ್ವ ಆಗ ಎರಡು ವರ್ಷದಾಕಿ. ಒಂದಿನ ನಾ ಬಾರಿಸಿ ಬಾರಿಸಿ ಆ ಪೆಟ್ಟು ಹಾಕಿದೆ. ಈಕಿ ಅವ್ವ ಬೀಸಿಟ್ಟ ಜ್ವಾಳದ ಹಿಟ್ಟಿನಾಗ ಕೈ ಹಾಕಿ, ಭಂಡಾರ ಹಾರಿಸಿದಂಗ ಮ್ಯಾಲ ಹಾರಿಸಿದ್ಲು ನೋಡ್ರಿ! ಮನಿ ತುಂಬ ಹಿಟ್ಟು. ಅವ್ವ ಓಡಿ ಬಂದ್ಲು. ಯಾರು ಮಾಡಿದ್ದು ಅಂದ್ಲು. ಕೂಸಿನ ಕೈ ಒರಸಿ ನಾ ಅಂದೆ, ನಾನೇ. ಬಡದ್ಲು. ಆ ಬಡಿತಕ್ಕೂ ತಾಳ ಇತ್ತರಿ.'

ಪೆನ್ನು ನಿಂತಿತು. ಈ ಸಂಗತಿ ನನಗೆ ಗೊತ್ತೇ ಇರಲಿಲ್ಲ.

'ಅಣ್ಣಾ, ಅದು ನಾನಾ?'

'ಮತ್ಯಾರು? ನಮ್ಮ ಮನ್ಯಾಗ ಟಗರಿಗೆ ಕೈ ಎಲ್ಲಿದ್ದುವು?'

'ಇದನ್ನೂ ಬರೀಬೇಕಾ?'

'ಬರಿ ಬರಿ. ಚಲೋ ಮಾತು ಅದೇ.'

ಅವನು ಕಣ್ಣು ಮುಚ್ಚಿಕೊಂಡೇ ಇದ್ದ. ನಾನು ಕಾಗದದಿಂದ ಒಂದು ಬೆರಳು ಎತ್ತರದಲ್ಲಿ ಪೆನ್ನು ಆಡಿಸಿದೆ. ಹಿಟ್ಟಿನ ಸಾಲುಗಳನ್ನು ಗಾಳಿಯಲ್ಲಿ ಬರೆದೆ. ಕಾಗದದಲ್ಲಿ, ಭಂಡಾರ ನಾನು ಒಗೆದೆ, ಕೂಸಿಗೆ ಶಿಕ್ಷೆ ಬೇಡ ಎಂದು ಅವನ ಹೆಸರಿನಲ್ಲಿ ಮುಗಿಸಿದೆ. ಅವನು ನೀಲಿ ಮಸಿಯಲ್ಲಿ ಹೆಬ್ಬೆಟ್ಟು ಒತ್ತಿ, ಬೆರಳನ್ನು ತಲೆಗೆ ಒರೆಸಿಕೊಂಡು, 'ಚಂದ ಬರ್ದಿರತಿ ಬಿಡು,' ಅಂದ. ಅಕ್ಷರ ಕಲಿತದ್ದಕ್ಕೆ ನನಗೆ ನಾಚಿಕೆಯಾದದ್ದು ಅದೇ ಮೊದಲು. ಟಗರಿಗೆ ಹೆದರದೆ ಕುರಿ ಕಾಯಲು ಹೋಗಿದ್ದರೆ ಈ ಪಾಪ ತಪ್ಪುತ್ತಿತ್ತು.

ಕಾಲೇಜಿನಲ್ಲಿ ಸರ್, ಮುಖ್ಯಸ್ಥರು, ಒಬ್ಬ ಮ್ಯಾಡಮ್ ಹೀಗೆ ಮೂವರು ಕುಳಿತಿದ್ದರು. ಪ್ರಾಜಕ್ತಾ, ನೀನು ನನ್ನ ಪಕ್ಕದಲ್ಲಿ ನಿಂತಿದ್ದೆ, ಅಣ್ಣನನ್ನು ಮಾತ್ರ ಓದಿ ಮುಗಿಯುವ ತನಕ ಹೊರಗೆ ಕೂಡಿಸಿದ್ದರು. ಕನ್ನಡದ ಕಾಗದ ನೋಡಿ ಸರ್ ಅದನ್ನು ಅತ್ತ ಇತ್ತ ತಿರುಗಿಸಿದರು. ಮ್ಯಾಡಮ್ ಅಕ್ಕಲಕೋಟದ ಕಡೆಯವರೇ. ಅವರು ಗಟ್ಟಿಯಾಗಿ ಕನ್ನಡದಲ್ಲಿ ಓದಿ, ಆಮೇಲೆ ಮರಾಠಿಯಲ್ಲಿ ಹೇಳುತ್ತ ಹೋದರು. ಬಿಲ್ಲು ಬಂತು, ಬೀಸುಕಲ್ಲು ಬಂತು. ಹಿಂಜಿದ ಉಣ್ಣೆಯನ್ನೇ ಅಪ್ಪ ಮತ್ತೆ ಹಿಂಜಿದ ಎಂಬಲ್ಲಿ ಮುಖ್ಯಸ್ಥರು ಕನ್ನಡಕ ತೆಗೆದು ಒರೆಸಿಕೊಂಡರು. ಓದಿ ಮುಗಿದ ಮೇಲೆ ಅಣ್ಣನನ್ನು ಒಳಗೆ ಕರೆದು ಮ್ಯಾಡಮ್ ಕೇಳಿದರು, 'ಅಜ್ಜಾ, ಎಲ್ಲಾ ಖರೆ. ಆದ್ರ ನಿಯಮ ಗೊತ್ತಿದ್ದೂ ಯಾಕ ಒಗದ್ರಿ?'

'ಕೈ ತಡೀಲಿಲ್ಲವ್ವಾ,' ಅಂದ ಅಣ್ಣ. ಸುಳ್ಳಲ್ಲ. ಯಾರ ಕೈ ಎಂದು ಮಾತ್ರ ಹೇಳಲಿಲ್ಲ.

ಪ್ರಾಜಕ್ತಾ ಆಡಬಹುದು ಎಂದಾಯಿತು. ಮಾಳಪ್ಪ ಮಾತ್ರ ಈ ವರ್ಷ ಮುಗಿಯುವ ತನಕ ಅಂಗಳದೊಳಗೆ ಬರಬಾರದು ಎಂದೂ ಆಯಿತು. ಅಣ್ಣ ಕೈಮುಗಿದು ಹೊರಗೆ ಹೋದ. ಸರ್ ನನ್ನನ್ನು ಕೂಡಿಸಿ ಚಹಾ ತರಿಸಿದರು. ಸ್ವಂತ ಅಣ್ಣನ ತಪ್ಪನ್ನು ಮುಚ್ಚಿಡದೆ ನಿಮ್ಮ ಕೈಯಿಂದಲೇ ಬರೆದುಕೊಟ್ಟಿರಿ, ಆಜಿ, ನಿಮ್ಮಂಥ ಪಾಲಕರು ಬೇಕು, ಮುಂದಿನ ಪಾಲಕರ ಸಭೆಯಲ್ಲಿ ಶಿಸ್ತಿನ ಮೇಲೆ ನಾಲ್ಕು ಮಾತು ಹೇಳಿ, ಅಂದರು. ಆಗ ನಿಜ ಹೇಳಲು ಬಾಯಿ ತೆರೆದೆ. ನಂಬಿರಿ, ತೆರೆದೆ. ಚಹಾ ಗಂಟಲಲ್ಲಿ ಅಡ್ಡ ಹೋಯಿತು. ಕೆಮ್ಮಿ ಕೆಮ್ಮಿ ಕಣ್ಣಲ್ಲಿ ನೀರು ಬಂತು. ಸಿಪಾಯಿ ನೀರು ತಂದ. ಕೆಮ್ಮು ನಿಲ್ಲುವಷ್ಟರಲ್ಲಿ ಧೈರ್ಯವೂ ನಿಂತಿತು.

ಅಂದಿನಿಂದ ಪ್ರತಿ ಪಂದ್ಯಕ್ಕೂ ನನಗೆ ಮುಂದಿನ ಸಾಲಿನ ಖುರ್ಚಿ. ಅಣ್ಣ ಕಾಲೇಜಿನ ಗೋಡೆಯ ಹೊರಗೆ, ಚಹಾದ ಅಂಗಡಿಯಲ್ಲಿ ಕೂಡುವ ಕಟ್ಟಿಗೆಯ ಬಾಕಿನ ಮೇಲೆ. ಕೂಗಾಟ ಕೇಳಿಯೇ ಅವನಿಗೆ ಯಾರು ಔಟಾದರು ಎಂದು ಗೊತ್ತಾಗುತ್ತದೆ. ಆಟ ಮುಗಿದು ನಾನು ಹೊರಗೆ ಬಂದರೆ ಕೇಳುವುದು ಒಂದೇ. 'ಕೂಸು ಚಲೋ ಓಡಿದ್ಲಾ?' ನನ್ನ ಮೇಲೆ ಒಂದು ಮಾತಿಲ್ಲ. ಒಂದಾದರೂ ಬೈದಿದ್ದರೆ ನಾನು ಹೋದ ವಾರವೇ ಗುಣವಾಗುತ್ತಿದ್ದೆ.

ಇದೆಲ್ಲವನ್ನೂ ನಾನು ಬರೆಯದೆಯೇ ಇರಬಹುದಿತ್ತು. ಬರೆಯಲು ಶುರುಮಾಡಿದ್ದು ಒಂದು ಧೈರ್ಯದ ಮೇಲೆ. ನೀವಿಬ್ಬರೂ ಮನೆಯಲ್ಲಿ ಕನ್ನಡ ಆಡುತ್ತೀರಿ, ಓದಲು ನಿಮಗೆ ಮರಾಠಿಯೇ ಬೇಕು. ಕನ್ನಡದಲ್ಲಿ ಬರೆದರೆ ಹೇಳಿದ ಹಾಗೂ ಆಯಿತು, ಹೇಳದ ಹಾಗೂ ಆಯಿತು ಎಂದುಕೊಂಡೆ. ನಾಚಿಕೆಯವರ ಜಾಣತನ ಇಂಥದು. ಎರಡು ಪುಟ ಬರೆದಿದ್ದೆನೋ ಇಲ್ಲವೋ, ಪ್ರಾಜಕ್ತಾ, ನೀನು ಮುತ್ಯಾನ ಖುಲಾಸೆಯ ಝೆರಾಕ್ಸ್ ಹಿಡಿದುಕೊಂಡು ಬಂದೆ.

'ಆಯಿ, ಮ್ಯಾಡಮ್ ಓದೂಮುಂದ ನಂಗ ಅಳು ಬಂತು. ಮುತ್ಯಾಗ ನಾ ಎಷ್ಟು ಸಿಟ್ಟು ಮಾಡಿದ್ನಿ. ಇದನ್ನ ನಾ ಸ್ವತಃ ಓದಬೇಕು. ಕನ್ನಡ ಕಲಿಸು.'

ಕಲಿಸದೆ ಏನು ಮಾಡಲಿ? ಅಂಗಳದಲ್ಲಿ ಓಡುವ ಹಾಗೆಯೇ ಅಕ್ಷರದಲ್ಲೂ ಓಡುತ್ತಿದ್ದೀಯ. ನಿಧಾನ ಮಾಡಲೆಂದು ನಿನಗೆ ಬೇಕಾದದ್ದಕ್ಕಿಂತ ಹೆಚ್ಚು ಸಲ ಕಾಗುಣಿತದ ಬಳ್ಳಿ ತಿದ್ದಿಸಿದೆ. ನಿಲ್ಲಲಿಲ್ಲ. ನಿನ್ನೆ ಒತ್ತಕ್ಷರಕ್ಕೆ ಬಂದೆ. ಅಕ್ಕನ ಸ್ಪರ್ಧೆಗೆ ಬಿದ್ದು ಸಾರ್ಥಕನೂ ಫೋನಿನಲ್ಲಿ ಕಲಿಯುತ್ತಿದ್ದಾನೆ. ಇನ್ನೊಂದು ವಾರದಲ್ಲಿ ಖುಲಾಸೆ ಓದಿ ಮುತ್ಯಾನ ಹತ್ತಿರ ಹೋಗುತ್ತೀಯ. ಹಿಟ್ಟಿನ ಮಾತು ಎಲ್ಲಿ ಎಂದು ಅವನು ಕೇಳುತ್ತಾನೆ. ನಿಮಗೆ ಓದಲು ಬಾರದು ಎಂಬ ಧೈರ್ಯದಿಂದ ಶುರುಮಾಡಿದ ಕಾಗದವನ್ನು, ನೀವು ಓದಿಯೇ ಓದುತ್ತೀರಿ ಎಂಬ ಹೆದರಿಕೆಯಿಂದ ಅವಸರದಲ್ಲಿ ಮುಗಿಸುತ್ತಿದ್ದೇನೆ.

ಗುರುವಾರ ಆಯ್ಕೆಯ ಪಂದ್ಯ. ಅವತ್ತು ಮುಂದಿನ ಸಾಲಿನ ನನ್ನ ಖುರ್ಚಿ ಖಾಲಿ ಇರುತ್ತದೆ, ಹುಡುಕಬೇಡ. ನಾನು ಗೋಡೆಯ ಹೊರಗೆ ಬಾಕಿನ ಮೇಲೆ ಅಣ್ಣನ ಪಕ್ಕದಲ್ಲಿ ಇರುತ್ತೇನೆ. ಅಲ್ಲಿ ಭಂಡಾರಕ್ಕೆ ನಿಯಮವಿಲ್ಲ. ಪಂದ್ಯ ಮುಗಿದ ಮೇಲೆ ಸರ್ ಹತ್ತಿರ ಹೋಗಿ ನಾನೇ ಹೇಳುತ್ತೇನೆ ಎಂದು ಇಲ್ಲಿ ಬರೆಯಲು ಹೋದೆ. ಪೆನ್ನು ಮತ್ತೆ ಒಂದು ಬೆರಳು ಮೇಲೆ ಎದ್ದಿತು. ಆದ್ದರಿಂದ ಆ ಸುಳ್ಳು ಬೇಡ. ಪ್ರಾಜಕ್ತಾ, ಈ ಹಾಳೆಗಳನ್ನು ನೀನೇ ಸರ್‌ಗೆ ಮರಾಠಿಯಲ್ಲಿ ಓದಿ ಹೇಳು. ನಾನು ಬಾಗಿಲ ಹೊರಗೆ ನಿಂತಿರುತ್ತೇನೆ. ನನ್ನ ಹೆಸರು ಬರುವ ಜಾಗದಲ್ಲಿ ಮಾತ್ರ ಸ್ವಲ್ಪ ಗಟ್ಟಿಯಾಗಿ ಓದು. ನನಗೆ ಕೇಳಿಸಲಿ.

ಆಮೇಲೆ ಇವನ್ನು ರದ್ದಿಗೆ ಹಾಕಬೇಡಿ. ಮುತ್ಯಾನ ಖುಲಾಸೆಯ ಜೊತೆ ಪಿನ್ನು ಹಾಕಿ, ಟ್ರಂಕಿನಲ್ಲಿ ಕಂಬಳಿಯ ಮಡಿಕೆಯೊಳಗೆ ಜೋಪಾನವಾಗಿ ಇಡಿ. ಹಾಳೆಗಳ ಅಂಚಿನಲ್ಲಿ ಅಲ್ಲಲ್ಲಿ ಹಳದಿ ಬೆರಳಿನ ಗುರುತು ಕಾಣುತ್ತದೆ, ಒರೆಸಬೇಡಿ. ಅವನ ಹೆಬ್ಬೆಟ್ಟು ನೀಲಿ, ನನ್ನದು ಹಳದಿ. ಖುಲಾಸೆ ಪೂರಾ ಆಗಬೇಕಾದರೆ ಎರಡೂ ಒಂದೇ ಕಡೆ ಇರಬೇಕು.